ನರಿಯ ಕೃಮಿಯೂ ಮನುಷ್ಯನ ಯಕೃತ್ತೂ

೧. ನಾಮವಿಚಾರ

ಪ್ರಾಣಿಗಳ ಕರುಳಿನಲ್ಲಿ ವಾಸಮಾಡುವ ಹುಳುಗಳಿಗೆ ಕನ್ನಡದಲ್ಲಿ ಜಂತುಹುಳುಗಳೆಂದು ಹೆಸರು. ಸಂಸ್ಕೃತದಲ್ಲಿ ಜಂತುವೆಂದರೆ ಹುಟ್ಟಿದ ಯಾವ ಪ್ರಾಣಿಯಾದರೂ ಆಗಬಹುದು. ಕನ್ನಡದ ಆಡುಮಾತು ಆ ವಿಶಾಲಾರ್ಥವನ್ನು ಸಂಕೋಚಗೊಳಿಸಿ, ಹೊಟ್ಟೆಯೊಳಗಿನ ಹುಳುವಿಗೆ ಆ ಶಬ್ದವನ್ನು ಮೀಸಲುಮಾಡಿದೆ. ಈ ಜಂತುಗಳಲ್ಲಿ ಚಪ್ಪಟೆಯಾಗಿ, ಉದ್ದವಾಗಿ, ಗೆಣ್ಣುಗೆಣ್ಣಾಗಿ ಬೆಳೆಯುವ ಜಾತಿಗೆ ಲಾಡಿಹುಳುವೆಂದು ಹೆಸರು. ಇಜಾರವನ್ನು ಸೊಂಟಕ್ಕೆ ಬಿಗಿಯುವ ಪಟ್ಟಿಯೇ ಲಾಡಿ. ಹುಳುವಿನ ಆಕಾರವನ್ನು ಕಣ್ಣಾರೆ ಕಂಡವರು ಇಟ್ಟ ಹೆಸರು ಇದೆಂಬುದು ಸ್ಪಷ್ಟವಾಗಿದೆ.

ಮನುಷ್ಯನ ಕರುಳಿನಲ್ಲಿ ಬೆಳೆಯುವ ಲಾಡಿಹುಳುಗಳು ಹತ್ತು ಮೊಳಕ್ಕೂ ಮೀರಿ ಉದ್ದವಾಗಬಲ್ಲವು. ಅವುಗಳ ತುಂಡು ಹೊರಬಿದ್ದಾಗ ನೋಡಿದವರು ಬೆದರುವುದು ಸಹಜ. ಈ ಲೇಖನದಲ್ಲಿ ವಿಚಾರಿಸತಕ್ಕ ಲಾಡಿಹುಳುವಾದರೋ ಒಂದು ಅಕ್ಕಿಯ ಕಾಳಿನ ಉದ್ದವನ್ನು ಮೀರುವುದು ಅಪರೂಪ. ಅದಕ್ಕೆ ಇರುವ ಗೆಣ್ಣುಗಳು ಮೂರೋ ನಾಲ್ಕೋ ಐದೋ. ಅದು ಮನುಷ್ಯನ ಕರುಳಿನಲ್ಲಿ ನೆಲಸುವುದೂ ಇಲ್ಲ. ತೋಳ, ನರಿ, ನಾಯಿ ಮೊದಲಾದ ಮಾಂಸಾಹಾರಿಗಳ ಕರುಳೇ ಅದರ ಮನೆ. ಹೀಗಿದ್ದರೂ ಮನುಷ್ಯನಿಗೆ ಮಾರಕವಾಗುವುದರಲ್ಲಿ ಈ ಅಲ್ಪಕಾಯಕ್ಕೆ ಸಮಾನವಾದ ಲಾಡಿಹುಳುಗಳು ಕೆಲವೇ.

ಇದಕ್ಕೆ ಜೀವಶಾಸ್ತ್ರದಲ್ಲಿ ಎಕಿನೊಕಾಕಸ್ ಎಂದು ಹೆಸರು. ರುಡಾಲ್ಫಿಯೆಂಬ ವಿದ್ವಾಂಸನು ೧೮೦೧ರಲ್ಲಿ ಈ ಹೆಸರನ್ನು ಸ್ಥಾಪಿಸಿದನು. ಗ್ರೀಕ್ ಭಾಷೆಯಲ್ಲಿ ‘ಎಖಿನೋಸ್’ ಎಂದರೆ ಮುಳ್ಳುಮೈಯ ಪ್ರಾಣಿ, ‘ಕೊಕ್ಕೋಸ್’ ಎಂದರೆ ಕಾಳು. ಎರಡೂ ಸೇರಿ ‘ಮುಳ್ಳುಕಾಳು’ ಎಂದಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ರುಡಾಲ್ಫಿಯು ಹೆಸರಿಟ್ಟದ್ದು ನರಿನಾಯಿಗಳ ಕರುಳಿನ ಹುಳುವಿಗಲ್ಲ. ಇತರ ಪ್ರಾಣಿಗಳ ಯಕೃತ್ತಿನಲ್ಲಿಯೂ ಶ್ವಾಸಕೋಶದಲ್ಲಿಯೂ ಕಾಣುವ ನೀರು ತುಂಬಿದ ಚೀಲದೊಳಗೆ ಮರಳಿನ ಕಣಗಳಂತೆ ತೇಲುವ ಮುಳ್ಳುತಲೆಯ ಕಾಳುಗಳನ್ನು ಕಂಡು ಆತನು ಹಾಗೆಂದನು. ಅಂದರೆ ಒಂದು ಜೀವಿಯ ಅರ್ಧಭಾಗಕ್ಕೆ ಹೆಸರು ಬಂತು. ಉಳಿದರ್ಧ ಬೇರೆ ಹೆಸರಿನಲ್ಲಿ ಬೇರೆ ಕಡೆ ಇತ್ತು. ಈ ಎರಡು ಅರ್ಧಗಳು ಒಂದೇ ಎಂದು ತಿಳಿಯುವುದಕ್ಕೆ ಮತ್ತೆ ಐವತ್ತು ವರ್ಷ ಹಿಡಿಯಿತು.

ಈ ಕುಲದಲ್ಲಿ ಮನುಷ್ಯನಿಗೆ ಸಂಬಂಧಪಟ್ಟ ಮುಖ್ಯಜಾತಿಗಳು ಎರಡು. ಗ್ರಾನ್ಯುಲೋಸಸ್ ಎಂಬುದು ಬಹುಮಟ್ಟಿಗೆ ನಾಯಿ ಮತ್ತು ಕುರಿಗಳ ನಡುವೆಯೂ, ಅದರ ಹತ್ತಿರದ ಬಂಧುಗಳು ತೋಳ ಮತ್ತು ಕಾಡಿನ ಗೊರಸುಪ್ರಾಣಿಗಳ ನಡುವೆಯೂ ಸಂಚರಿಸುತ್ತವೆ. ಮಲ್ಟಿಲಾಕ್ಯುಲಾರಿಸ್, ಎಂದರೆ ಬಹುಕೋಷ್ಠವುಳ್ಳದ್ದು, ನರಿ ಮತ್ತು ಇಲಿಗಳ ನಡುವೆ ಸಂಚರಿಸುತ್ತದೆ. ಸೌಕರ್ಯಾರ್ಥವಾಗಿ ಮುಂದೆ ಇವುಗಳನ್ನು ನಾಯಿಯ ಕೃಮಿ, ನರಿಯ ಕೃಮಿ ಎಂದು ಕರೆಯಲಾಗುವುದು.

೨. ಪ್ರಾಚೀನರು ಕಂಡದ್ದು

ಕೃಮಿಗಳ ವಿಚಾರ ನಮ್ಮ ವಾಙ್ಮಯಕ್ಕೆ ಹೊಸದಲ್ಲ. ಅಥರ್ವವೇದದಲ್ಲಿ ಕೃಮಿನಾಶಕ್ಕಾಗಿಯೇ ಸೂಕ್ತಗಳಿವೆ; ಅವುಗಳಲ್ಲಿ ಕಣ್ಣಿಗೆ ಕಾಣುವ ಕೃಮಿ, ಕಾಣದ ಕೃಮಿ ಎಂಬ ವಿಭಾಗವೂ ಬಂದಿದೆ. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ವಿಧದ ಕೃಮಿಗಳನ್ನು ಉತ್ಪತ್ತಿಸ್ಥಾನಕ್ಕೆ ಅನುಸಾರವಾಗಿ ನಾಲ್ಕು ವರ್ಗಮಾಡಿ, ಅವುಗಳ ಬಣ್ಣ, ಆಕಾರ, ಲಕ್ಷಣ, ಚಿಕಿತ್ಸೆಗಳನ್ನು ಹೇಳಿದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿಯೂ ಕೃಮಿರೋಗಕ್ಕೆ ಪ್ರತ್ಯೇಕವಾದ ಅಧ್ಯಾಯವಿದೆ. ಚರಕನು ಕಫಜಕೃಮಿಗಳ ಆಕಾರವನ್ನು ಹೇಳುವಾಗ, ಕೆಲವು ಬೆಳ್ಳಗೆ ಅಗಲವಾಗಿ ಚರ್ಮದ ಪಟ್ಟಿಯಂತೆಯೂ, ಕೆಲವು ಎರೆಹುಳುವಿನಂತೆ ದುಂಡಾಗಿಯೂ, ಕೆಲವು ನೂಲಿನಂತೆ ಸಣ್ಣಗೆ ಉದ್ದವಾಗಿಯೂ ಇರುತ್ತವೆಂದು ವಿಂಗಡಿಸುತ್ತಾನೆ. ಸಂಸ್ಕೃತದ ಚರ್ಮಪಟ್ಟಿಕೆಯೂ ಕನ್ನಡದ ಲಾಡಿಯೂ ಒಂದೇ ಪ್ರತ್ಯಕ್ಷದಿಂದ ಹುಟ್ಟಿದ ಎರಡು ಉಪಮಾನಗಳೆಂದು ಹೇಳಿದರೆ ಸಾಹಸವಾಗಲಾರದು.

ಇವುಗಳ ಹುಟ್ಟಿಗೆ ಕಾರಣವೇನೆಂದರೆ ಹಾಲು, ಬೆಲ್ಲ, ಎಳ್ಳು, ಮೀನು, ಜೌಗುನೆಲದ ಪ್ರಾಣಿಗಳ ಮಾಂಸ, ಹಿಟ್ಟಿನ ಭಕ್ಷ್ಯ ಇವೇ ಮೊದಲಾದವುಗಳ ಸೇವನೆಯೆಂದು ಆ ಗ್ರಂಥದ ಮತ. ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಕೃಮಿಯು ದಾಟಿಬರುವುದೆಂಬ ವಿಚಾರ ಅಲ್ಲಿ ಇಲ್ಲ. ಇತ್ತ, ಹೊಟ್ಟೆಯೊಳಗೆ ಬೆಳೆಯುವ ಗಡ್ಡೆಗಳನ್ನೂ ನೀರು ತುಂಬುವ ರೋಗಗಳನ್ನೂ ಉದರ, ಗುಲ್ಮ, ವಿದ್ರಧಿ ಎಂಬ ಬೇರೆ ಪ್ರಕರಣಗಳಲ್ಲಿ ವಿಚಾರಿಸಲಾಗಿದೆ. ಗ್ರೀಕರಲ್ಲಿಯೂ ಇದೇ ಸ್ಥಿತಿ. ಹಿಪ್ಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಸೂತ್ರಗಳಲ್ಲಿ, ನೀರು ತುಂಬಿದ ಯಕೃತ್ತು ಒಡೆದು ಹೊಟ್ಟೆಯೊಳಗೆ ಸುರಿದರೆ ರೋಗಿಯು ಸಾಯುತ್ತಾನೆಂದು ಹೇಳಿದೆ. ಆ ನೀರಿಗೂ ಹುಳುವಿಗೂ ಸಂಬಂಧವನ್ನು ಕಲ್ಪಿಸಿಲ್ಲ. ಕುರಿಯನ್ನು ಕೊಯ್ದವರು ಅದರ ಯಕೃತ್ತಿನಲ್ಲಿ ನೀರಿನ ಗುಳ್ಳೆಗಳನ್ನು ಕಂಡು, ಕೆಟ್ಟ ಭಾಗವೆಂದು ಕತ್ತರಿಸಿ ಬಾಗಿಲಲ್ಲಿ ಕಾದಿದ್ದ ನಾಯಿಗೆ ಎಸೆಯುತ್ತಿದ್ದರು. ರೋಗದ ಎರಡು ತುದಿಗಳನ್ನು ಗಂಟುಹಾಕುವ ಕೆಲಸವನ್ನು ತಾವೇ ಮಾಡುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ.

೩. ಎರಡು ನಾಮಗಳು, ಒಂದೇ ವಸ್ತು

ಇದಕ್ಕಾಗಿ ಪ್ರಾಚೀನರನ್ನು ಮಾತ್ರ ಆಕ್ಷೇಪಿಸುವುದು ಯುಕ್ತವಲ್ಲ. ಯೂರೋಪಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ, ದೇಹದೊಳಗಿನ ಕೃಮಿಗಳು ಆ ದೇಹದ ದೂಷಿತದ್ರವ್ಯದಿಂದ ತಾವಾಗಿಯೇ ಹುಟ್ಟುತ್ತವೆಂಬ ಮತ ಬಲವಾಗಿತ್ತು. ಕರುಳಿನ ಹುಳುಗಳು ಒಂದು ವರ್ಗ, ಮಾಂಸದೊಳಗಿನ ನೀರ್ಗುಳ್ಳೆಗಳು ಇನ್ನೊಂದು ವರ್ಗ ಎಂದು ಶಾಸ್ತ್ರಗ್ರಂಥಗಳು ಎಣಿಸಿದ್ದುವು. ೧೭೮೨ರಲ್ಲಿ ಗೋಟ್ಸೆ ಎಂಬ ಜರ್ಮನ್ ಪಾದ್ರಿಯು ಸೂಕ್ಷ್ಮದರ್ಶಕದ ಸಹಾಯದಿಂದ ನೀರ್ಗುಳ್ಳೆಯೊಳಗಿನ ಕಾಳುಗಳನ್ನು ಪರೀಕ್ಷಿಸಿ, ಅವುಗಳ ತಲೆಯು ಲಾಡಿಹುಳುವಿನ ತಲೆಯನ್ನು ಹೋಲುತ್ತದೆಂದು ಕಂಡುಕೊಂಡನು. ಸಾದೃಶ್ಯ ದೊರೆಯಿತು, ಐಕ್ಯ ಇನ್ನೂ ಸಿದ್ಧವಾಗಲಿಲ್ಲ.

೧೮೫೨ರಲ್ಲಿ ಫೋನ್ ಸೀಬೋಲ್ಡ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞನು ಕುರಿಯ ನೀರ್ಗುಳ್ಳೆಯೊಳಗಿನ ದ್ರವ್ಯವನ್ನು ನಾಯಿಗಳಿಗೆ ತಿನ್ನಿಸಿ, ಕೆಲವು ವಾರಗಳ ಮೇಲೆ ಅವುಗಳ ಕರುಳನ್ನು ತೆರೆದು ನೋಡಿದನು. ಅಲ್ಲಿ ಅತಿಸಣ್ಣ ಲಾಡಿಹುಳುಗಳು ತುಂಬಿದ್ದುವು. ೧೮೬೩ರಲ್ಲಿ ಬರ್ನ್‌ಹಾರ್ಡ್ ನೌನಿನ್, ಹರಾಲ್ಡ್ ಕ್ರಾಬೆ ಎಂಬಿಬ್ಬರು ಬೇರೆಬೇರೆಯಾಗಿ, ಮನುಷ್ಯದೇಹದಿಂದ ತೆಗೆದ ಗುಳ್ಳೆಗಳಿಂದಲೂ ನಾಯಿಯಲ್ಲಿ ಅದೇ ಹುಳು ಹುಟ್ಟುವುದನ್ನು ತೋರಿಸಿದರು. ಈ ನಡುವೆ ೧೮೫೫ರಲ್ಲಿ ವಿರ್ಖೋ ಎಂಬ ಪ್ರಸಿದ್ಧ ವೈದ್ಯನು, ಅದುವರೆಗೆ ಯಕೃತ್ತಿನ ಅರ್ಬುದವೆಂದೇ ಎಣಿಸಿದ್ದ ಒಂದು ರೋಗವು ನಿಜವಾಗಿ ಈ ಜಾತಿಯ ಕೃಮಿಯ ಬೆಳವಣಿಗೆಯೆಂದು ನಿರ್ಣಯಿಸಿದನು. ಅದೇ ನರಿಯ ಕೃಮಿಯ ರೋಗ.

ಒಂದು ಗ್ರಂಥದ ಪೂರ್ವಾರ್ಧವು ಒಂದು ಮಠದ ಓಲೆಗಳಲ್ಲಿ ಒಂದು ಹೆಸರಿನಿಂದಲೂ, ಉತ್ತರಾರ್ಧವು ದೂರದ ಇನ್ನೊಂದು ಭಂಡಾರದಲ್ಲಿ ಬೇರೊಂದು ಹೆಸರಿನಿಂದಲೂ ಉಳಿದಿದ್ದರೆ, ಎರಡನ್ನೂ ಓದಿದವನೊಬ್ಬನು ಬರುವವರೆಗೆ ಅವು ಎರಡು ಗ್ರಂಥಗಳೇ. ಈ ಕೃಮಿಯ ವಿಷಯದಲ್ಲಿ ಆದದ್ದೂ ಹಾಗೆಯೇ. ಕಂಬಳಿಹುಳುವು ಚಿಟ್ಟೆಯಾಗುವಾಗ ರೂಪಾಂತರವೆಲ್ಲವೂ ಒಂದೇ ದೇಹದಲ್ಲಿ ನಡೆಯುತ್ತದೆ. ನೋಡುವವನಿಗೆ ಎರಡು ರೂಪಗಳ ನಡುವಣ ದಾರಿ ಕಾಣುತ್ತದೆ. ಈ ಕೃಮಿಯ ರೂಪಾಂತರವಾದರೋ ಒಂದು ಪ್ರಾಣಿಯು ಇನ್ನೊಂದರ ಬಾಯಿಗೆ ಬೀಳುವ ಕ್ಷಣದಲ್ಲಿ ಅಡಗಿದೆ.

೪. ಕಾಡಿನ ಚಕ್ರ

ನರಿಯ ಕೃಮಿಯ ಚರಿತ್ರೆಯನ್ನು ಕ್ರಮವಾಗಿ ಹೇಳುವುದಾದರೆ ಹೀಗೆ. ನರಿಯ ಸಣ್ಣಕರುಳಿನ ಗೋಡೆಗೆ ಕೊಕ್ಕೆಗಳಿಂದ ಅಂಟಿಕೊಂಡಿರುವ ಹುಳುವಿನ ಕೊನೆಯ ಗೆಣ್ಣಿನಲ್ಲಿ ಸುಮಾರು ೨೦೦ ಮೊಟ್ಟೆಗಳಿರುತ್ತವೆ. ಗೆಣ್ಣು ಕಳಚಿ ನರಿಯ ಮಲದೊಡನೆ ನೆಲಕ್ಕೆ ಬೀಳುತ್ತದೆ. ಮೊಟ್ಟೆಯು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಹುಲ್ಲು ಬೇರುಗಳನ್ನು ತಿನ್ನುವ ವೋಲ್ ಎಂಬ ಇಲಿಯು ಅದನ್ನು ನುಂಗುತ್ತದೆ. ಇಲಿಯ ಹೊಟ್ಟೆಯಲ್ಲಿ ಮೊಟ್ಟೆಯೊಡೆದು ಹೊರಟ ಭ್ರೂಣವು ಕರುಳನ್ನು ತೂರಿ, ರಕ್ತದೊಡನೆ ಯಕೃತ್ತನ್ನು ಸೇರಿ, ಅಲ್ಲಿ ಗುಳ್ಳೆಗುಳ್ಳೆಯಾಗಿ ಹಬ್ಬಿ, ಕೆಲವೇ ತಿಂಗಳಲ್ಲಿ ಸಾವಿರಾರು ಮುಳ್ಳುಕಾಳುಗಳನ್ನು ತಳೆಯುತ್ತದೆ. ಆ ಇಲಿಯನ್ನು ನರಿಯು ತಿಂದಾಗ ಒಂದೊಂದು ಕಾಳೂ ಒಂದೊಂದು ಲಾಡಿಹುಳುವಾಗುತ್ತದೆ. ಸುಮಾರು ನಾಲ್ಕು ವಾರಗಳಲ್ಲಿ ಅವು ಮೊಟ್ಟೆಯಿಡಲು ಶಕ್ತವಾಗುತ್ತವೆ, ಚಕ್ರವು ಪೂರ್ಣವಾಗುತ್ತದೆ.

ಕೃಮಿಗೆ ಆಶ್ರಯವಿತ್ತ ಪ್ರಾಣಿಯನ್ನು ಈಗಿನ ಪಠ್ಯಗಳು ಆತಿಥೇಯವೆಂದು ಕರೆಯುತ್ತವೆ. ಅತಿಥಿಸತ್ಕಾರ ಮಾಡುವವನು ಆತಿಥೇಯನೆಂದು ಅದರ ಅರ್ಥ. ನರಿಯ ಮಟ್ಟಿಗೆ ಈ ಹೆಸರು ಒಪ್ಪುತ್ತದೆ. ಸಾವಿರಾರು ಹುಳುಗಳನ್ನು ಹೊತ್ತ ನರಿಯೂ ಸಾಮಾನ್ಯವಾಗಿ ಆರೋಗ್ಯದಿಂದಲೇ ಓಡಾಡುತ್ತದೆ. ಇಲಿಯ ಮಟ್ಟಿಗೆ ಹಾಗಲ್ಲ. ಅದರ ಯಕೃತ್ತನ್ನು ಅತಿಥಿಯೇ ಆಕ್ರಮಿಸುತ್ತದೆ. ಇಲಿಯು ಕುಗ್ಗಿದರೆ ನರಿಗೆ ಬೇಟೆ ಸುಲಭ. ಉತ್ತರ ಅಮೆರಿಕದ ಕಾಡುಗಳಲ್ಲಿ ತೋಳಗಳಿಗೂ ಮೂಸ್ ಎಂಬ ದೊಡ್ಡ ಜಿಂಕೆಗೂ ನಡುವೆ ಇದೇ ಕುಲದ ಇನ್ನೊಂದು ಕೃಮಿಯು ತಿರುಗುತ್ತದೆ. ಶ್ವಾಸಕೋಶದಲ್ಲಿ ಗುಳ್ಳೆಗಳು ತುಂಬಿದ ಮೂಸ್ ಬೇಗ ದಣಿದು ತೋಳಕ್ಕೆ ಸಿಕ್ಕುವುದೆಂದು ವಿದ್ವಾಂಸರು ಊಹಿಸಿದ್ದಾರೆ. ಬೇಟೆಯ ರೋಗವು ಬೇಟೆಗಾರನ ಕರುಳಿಗೆ ದಾರಿಯಾಗುವಂತೆ ಪ್ರಕೃತಿಯು ಈ ಕೃಮಿಯನ್ನು ರೂಪಿಸಿದೆ.

ನರಿಯ ಕೃಮಿಯ ಕ್ಷೇತ್ರವು ಭೂಮಿಯ ಉತ್ತರಾರ್ಧದ ಶೀತಪ್ರದೇಶ. ಮಧ್ಯಯೂರೋಪು, ರಷ್ಯಾ, ಮಧ್ಯ ಏಷ್ಯಾ, ಪಶ್ಚಿಮ ಚೀನಾ, ಟಿಬೆಟ್ಟಿನ ಪ್ರಸ್ಥಭೂಮಿ, ಜಪಾನಿನ ಹೊಕ್ಕೈಡೋ, ಅಮೆರಿಕದ ಅಲಾಸ್ಕಾ ಮೊದಲಾದವು ಅದರಲ್ಲಿ ಸೇರಿವೆ. ಮೊಟ್ಟೆಯು ಒಣಗುವಿಕೆಗೂ ಕುದಿಯುವ ನೀರಿಗೂ ಸೋಲುತ್ತದೆ, ಚಳಿಗೆ ಸೋಲುವುದಿಲ್ಲ. ಹಿಮದಡಿಯಲ್ಲಿ ಅದು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಮನೆಯ ಶೀತಪೆಟ್ಟಿಗೆಯ ಚಳಿಯೂ ಅದನ್ನು ಕೊಲ್ಲಲಾರದು.

೫. ಮನುಷ್ಯದೇಹದಲ್ಲಿ

ಈ ಚಕ್ರದಲ್ಲಿ ಮನುಷ್ಯನಿಗೆ ಸ್ಥಾನವಿಲ್ಲ. ನರಿಯ ಅಥವಾ ಇಲಿ ತಿಂದ ನಾಯಿಯ ಮಲದಿಂದ ಕೈಗೂ ಸೊಪ್ಪಿಗೂ ನೀರಿಗೂ ಅಂಟಿದ ಮೊಟ್ಟೆಯನ್ನು ಆತನು ಅರಿಯದೆ ನುಂಗಿದಾಗ, ಇಲಿಯ ಸ್ಥಾನದಲ್ಲಿ ಹೋಗಿ ನಿಲ್ಲುತ್ತಾನೆ. ಆದರೆ ಮನುಷ್ಯನ ಯಕೃತ್ತನ್ನು ನರಿಯು ತಿನ್ನುವುದಿಲ್ಲವಾದುದರಿಂದ ಕೃಮಿಗೆ ಅಲ್ಲಿಂದ ಮುಂದೆ ದಾರಿಯಿಲ್ಲ. ಅತಿಥಿಗೂ ಲಾಭವಿಲ್ಲ, ಆತಿಥೇಯನಿಗೂ ಉಳಿವಿಲ್ಲ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸುವುದು ಅವಶ್ಯ. ಲಾಡಿಹುಳುವೆಂದೊಡನೆ ಅರೆಬೆಂದ ಮಾಂಸದಿಂದ ಬರತಕ್ಕದ್ದೆಂದು ಅನೇಕರು ತಿಳಿದಿರುವುದುಂಟು. ಬೇರೆ ಕೆಲವು ಲಾಡಿಹುಳುಗಳ ವಿಷಯದಲ್ಲಿ ಅದು ನಿಜ. ಈ ಎರಡು ಕೃಮಿಗಳ ವಿಷಯದಲ್ಲಿ ಗುಳ್ಳೆಯಿರುವ ಕುರಿಯ ಯಕೃತ್ತನ್ನು ಮನುಷ್ಯನು ತಿಂದರೆ ಈ ರೋಗ ಬರುವುದಿಲ್ಲ. ಅದನ್ನು ನಾಯಿಯು ತಿಂದರೆ, ಆ ನಾಯಿಯಿಂದ ಮನುಷ್ಯನಿಗೆ ಬರುತ್ತದೆ. ಆದ್ದರಿಂದ ಮಾಂಸವನ್ನು ಮುಟ್ಟದ ಮನೆಯವರಿಗೂ ಈ ರೋಗದಿಂದ ಅಭಯವಿಲ್ಲ. ರೋಗಿಯಿಂದ ಆರೋಗ್ಯವಂತನಿಗೆ ಇದು ಅಂಟುವುದೂ ಇಲ್ಲ.

ನಾಯಿಯ ಕೃಮಿಯು ಮನುಷ್ಯನ ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ಒಂದು ದುಂಡಾದ ಜಲಕೋಶವನ್ನು ಕಟ್ಟುತ್ತದೆ. ಅದು ವರ್ಷವರ್ಷಕ್ಕೂ ನಿಧಾನವಾಗಿ ದೊಡ್ಡದಾಗುತ್ತದೆ. ಅದರೊಳಗೆ ಮರಿಕೋಶಗಳೂ ಹುಟ್ಟಬಹುದು. ಕೋಶವು ಒಡೆದರೆ ಒಳಗಿನ ದ್ರವದಿಂದ ದೇಹವು ತೀವ್ರವಾಗಿ ಕ್ಷೋಭೆಗೊಂಡು ಪ್ರಾಣವೇ ಹೋಗಬಹುದು. ನರಿಯ ಕೃಮಿಯ ಸ್ವಭಾವ ಇನ್ನೂ ಕ್ರೂರ. ಅದಕ್ಕೆ ಕೋಶದ ಎಲ್ಲೆಯೆಂಬುದಿಲ್ಲ. ಆಲದ ಬೇರು ಗೋಡೆಯೊಳಗೆ ಇಳಿಯುವಂತೆ ಯಕೃತ್ತಿನೊಳಗೆ ಎಲ್ಲ ಕಡೆಗೂ ಹಬ್ಬಿ, ಕೆಲವು ವೇಳೆ ಶ್ವಾಸಕೋಶಕ್ಕೂ ಮಿದುಳಿಗೂ ದಾಟುತ್ತದೆ. ಮೊಟ್ಟೆಯನ್ನು ನುಂಗಿದ ದಿನದಿಂದ ಮೊದಲ ಲಕ್ಷಣ ಕಾಣುವವರೆಗೆ ೫ರಿಂದ ೧೫ ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ರೋಗಿಗೆ ಯಾವ ನಾಯಿ, ಯಾವ ಹೊಲ, ಯಾವ ದಿನ ಎಂಬುದರ ನೆನಪೇ ಇರುವುದಿಲ್ಲ. ಚಿಕಿತ್ಸೆ ದೊರೆಯದಿದ್ದರೆ, ರೋಗನಿರ್ಣಯವಾದ ೧೦ರಿಂದ ೧೫ ವರ್ಷಗಳೊಳಗೆ ೧೦೦ಕ್ಕೆ ೯೦ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೧೮,೦೦೦ ಮಂದಿಗೆ ಹೊಸದಾಗಿ ಈ ರೋಗ ಬರುವುದೆಂದು ೨೦೧೦ರಲ್ಲಿ ಮಾಡಿದ ಗಣನೆಯೊಂದು ಹೇಳುತ್ತದೆ; ಅವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಚೀನಾದವರು.

೬. ರೆಬುನ್ ದ್ವೀಪದ ವೃತ್ತಾಂತ

ಕಾಡಿನಲ್ಲಿಯೇ ಮುಚ್ಚಿಕೊಂಡಿರುವ ಚಕ್ರದೊಳಗೆ ಮನುಷ್ಯನು ಹೇಗೆ ಸಿಕ್ಕುತ್ತಾನೆಂಬುದಕ್ಕೆ ಜಪಾನಿನ ರೆಬುನ್ ದ್ವೀಪದ ಕಥೆಯು ಉತ್ತಮ ದೃಷ್ಟಾಂತ. ಹೊಕ್ಕೈಡೋವಿನ ಉತ್ತರದ ತುದಿಗೆ ಎದುರಾಗಿ ಸಮುದ್ರದಲ್ಲಿರುವ ಈ ಪುಟ್ಟ ದ್ವೀಪದಲ್ಲಿ ವೋಲ್ ಇಲಿಗಳು ಅರಣ್ಯದ ಗಿಡಗಳನ್ನು ಕಡಿದು ಹಾಳುಮಾಡುತ್ತಿದ್ದುವು. ಅವುಗಳನ್ನು ತಿನ್ನಿಸುವುದಕ್ಕೂ, ಜೊತೆಗೆ ತುಪ್ಪಳದ ಲಾಭಕ್ಕೂ, ೧೯೨೪ರಿಂದ ೧೯೨೬ರ ವರೆಗೆ ಕುರಿಲ್ ದ್ವೀಪಮಾಲೆಯಿಂದ ಕೆಂಪುನರಿಗಳನ್ನು ತಂದು ಅಲ್ಲಿ ಬಿಟ್ಟರು. ಉಪಾಯವೇನೋ ಸಯುಕ್ತಿಕವಾಗಿಯೇ ಇತ್ತು. ನರಿಯ ಕರುಳಿನಲ್ಲಿ ಏನಿದೆಯೆಂದು ವಿಚಾರಿಸಬೇಕೆಂಬುದು ಯಾರಿಗೂ ತೋರಲಿಲ್ಲ.

ಇಲಿಯಿರುವ ದ್ವೀಪಕ್ಕೆ ನರಿಯು ಬಂದೊಡನೆ ಚಕ್ರಕ್ಕೆ ಬೇಕಾದ ಎರಡು ಅಂಗಗಳೂ ಒದಗಿದುವು. ಇಲಿಯನ್ನು ತಿಂದ ಊರನಾಯಿಗಳು ಅದನ್ನು ಅಂಗಳಕ್ಕೆ ತಂದುವು. ಹತ್ತು ವರ್ಷಗಳು ಮೌನವಾಗಿ ಕಳೆದುವು. ದ್ವೀಪದ ಮೊದಲನೆಯ ರೋಗಿಯ ವೃತ್ತಾಂತವು ೧೯೩೭ರಲ್ಲಿ ಪ್ರಕಟವಾಯಿತು. ಮುಂದೆ ದಶಕಗಳ ಪರ್ಯಂತ ಒಬ್ಬರಾದಮೇಲೊಬ್ಬರು ಕಾಣಿಸಿಕೊಂಡು, ಒಟ್ಟು ಸಂಖ್ಯೆ ನೂರನ್ನು ಮೀರಿತು. ಎರಡನೆಯ ಮಹಾಯುದ್ಧದ ಅನಂತರ ಅಧಿಕಾರಿಗಳು ಸಮೀಕ್ಷೆ ನಡೆಸಿ, ದ್ವೀಪದ ನರಿಗಳನ್ನೂ ನಾಯಿಗಳನ್ನೂ ಕೊಲ್ಲಿಸಿದರು. ೧೯೫೦ರ ದಶಕದಲ್ಲಿ ಅಲ್ಲಿ ಚಕ್ರವು ಮುರಿಯಿತು. ಆದರೆ ಅದಾಗಲೇ ಮೊಟ್ಟೆಯನ್ನು ನುಂಗಿದ್ದವರ ದೇಹದಲ್ಲಿ ರೋಗವು ತನ್ನ ಕಾಲವನ್ನು ಕಾಯುತ್ತಲೇ ಇತ್ತು. ಚಕ್ರವು ನಿಂತಮೇಲೂ ರೋಗಿಗಳು ಕಾಣುತ್ತಿದ್ದುದಕ್ಕೆ ಇದೇ ಕಾರಣ.

ದ್ವೀಪವು ಚಿಕ್ಕದಾಗಿದ್ದುದರಿಂದ ಅಲ್ಲಿ ಅದು ಸಾಧ್ಯವಾಯಿತು. ೧೯೬೦ರ ದಶಕದ ಮಧ್ಯದಲ್ಲಿ ಹೊಕ್ಕೈಡೋ ಮುಖ್ಯಭೂಮಿಯ ಪೂರ್ವದಂಚಿನಲ್ಲಿ ಅದೇ ರೋಗವು ಮತ್ತೆ ತಲೆದೋರಿ, ಕಾಲಕ್ರಮದಲ್ಲಿ ಆ ಪ್ರಾಂತವನ್ನೆಲ್ಲ ವ್ಯಾಪಿಸಿತು. ಅಲ್ಲಿನ ಕಾಡುಗಳಲ್ಲಿರುವ ನರಿಗಳನ್ನೆಲ್ಲ ಕೊಲ್ಲುವುದು ಶಕ್ಯವೂ ಅಲ್ಲ, ಉಚಿತವೂ ಅಲ್ಲ.

ಯೂರೋಪಿನಲ್ಲಿ ನಡೆದುದು ಇದಕ್ಕಿಂತ ಸೂಕ್ಷ್ಮ. ೧೯೭೮ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನರಿಗಳಿಗೆ ಆಹಾರದ ಮೂಲಕ ಹುಚ್ಚುನಾಯಿರೋಗದ ಲಸಿಕೆಯನ್ನು ಕೊಡುವ ಪ್ರಯೋಗವು ಆರಂಭವಾಗಿ, ಬೇರೆ ದೇಶಗಳಿಗೂ ಹರಡಿತು. ಆ ಘೋರರೋಗವು ಅಡಗಿತು. ಅದರಿಂದ ಸಾಯುತ್ತಿದ್ದ ನರಿಗಳು ಉಳಿದು ಹೆಚ್ಚಿದುವು. ಝೂರಿಕ್ ಮೊದಲಾದ ನಗರಗಳ ತೋಟಗಳಲ್ಲಿಯೂ ನೆಲಸಿದುವು. ಸ್ವಿಟ್ಜರ್ಲೆಂಡಿನಲ್ಲಿ ನರಿಯ ಕೃಮಿಯ ರೋಗವು ೧೯೯೩ರಿಂದ ೨೦೦೦ದ ವರೆಗೆ ಲಕ್ಷಕ್ಕೆ ವರ್ಷಕ್ಕೆ ೦.೧೦ರಷ್ಟಿದ್ದುದು, ೨೦೦೧ರಿಂದ ೨೦೦೫ರ ವರೆಗಿನ ಅವಧಿಯಲ್ಲಿ ೦.೨೬ಕ್ಕೆ ಏರಿತು. ಸಂಖ್ಯೆ ಅಲ್ಪವೇ ಸರಿ. ಲಸಿಕೆಯು ಮಾಡಿದ ಉಪಕಾರವೂ ಅಲ್ಲಗಳೆಯತಕ್ಕದ್ದಲ್ಲ. ಕಾಡಿನ ಒಂದು ಎಳೆಯನ್ನು ಎಳೆದಾಗ ಇನ್ನಾವ ಎಳೆಯು ಸಡಿಲವಾಗುವುದೆಂದು ಮೊದಲೇ ವಿಚಾರಿಸಬೇಕೆಂಬುದಿಷ್ಟೇ ಇದರ ತಾತ್ಪರ್ಯ.

೭. ಚಿಕಿತ್ಸೆಯ ಮೂರು ಅಂಗಗಳು

ಚರಕನು ಕೃಮಿಚಿಕಿತ್ಸೆಯನ್ನು ಮೂರು ಅಂಗಗಳಾಗಿ ಹೇಳಿದ್ದಾನೆ: ಅಪಕರ್ಷಣ, ಎಂದರೆ ಕೃಮಿಯನ್ನು ಹೊರಕ್ಕೆ ಸೆಳೆಯುವುದು, ಪ್ರಕೃತಿವಿಘಾತ, ಎಂದರೆ ಅದು ಬಾಳುವ ಸ್ಥಿತಿಯನ್ನು ಕೆಡಿಸುವುದು, ನಿದಾನದಲ್ಲಿ ಹೇಳಿದ ಕಾರಣಗಳನ್ನು ಸೇವಿಸದಿರುವುದು ಮೂರನೆಯದು. ಕಾರಣದ ಸ್ವರೂಪದಲ್ಲಿ ಪ್ರಾಚೀನರಿಗೂ ನವೀನರಿಗೂ ಅಂತರವಿದ್ದರೂ, ಈ ವಿಭಾಗವು ಇಂದಿನ ಕ್ರಮಕ್ಕೂ ಹೊಂದುತ್ತದೆ.

ಅಪಕರ್ಷಣವೆಂದರೆ ಇಲ್ಲಿ ಶಸ್ತ್ರಕ್ರಿಯೆ. ನಾಯಿಯ ಕೃಮಿಯ ಜಲಕೋಶವನ್ನು ಒಡೆಯದಂತೆ ತೆಗೆಯಬಹುದು. ಯೋಗ್ಯವಾದ ಸ್ಥಿತಿಯಲ್ಲಿದ್ದರೆ ಸೂಜಿಯಿಂದ ದ್ರವವನ್ನು ಹೀರಿ, ಕೃಮಿಘ್ನದ್ರವ್ಯವನ್ನು ತುಂಬಿ, ಮತ್ತೆ ಹೀರುವ ಕ್ರಮವೂ ಉಂಟು. ನರಿಯ ಕೃಮಿಯ ವಿಷಯದಲ್ಲಿ, ರೋಗವು ಬೇಗನೆ ತಿಳಿದರೆ ಮಾತ್ರ ಯಕೃತ್ತಿನ ಆ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯಲು ಸಾಧ್ಯ. ಪ್ರಕೃತಿವಿಘಾತಕ್ಕೆ ಅಲ್ಬೆಂಡಜೋಲ್ ಎಂಬ ಔಷಧವಿದೆ. ಈ ವರ್ಗದ ಔಷಧಗಳು ಬಂದಮೇಲೆ ರೋಗಿಗಳ ಆಯುಷ್ಯವು ಬಹಳವಾಗಿ ಹೆಚ್ಚಿತು. ಆದರೆ ಅನೇಕರಲ್ಲಿ ಔಷಧವು ನರಿಯ ಕೃಮಿಯನ್ನು ಕೊಲ್ಲದೆ, ಅದರ ಬೆಳವಣಿಗೆಯನ್ನು ತಡೆದಿಡುತ್ತದೆ. ಶಸ್ತ್ರಕ್ರಿಯೆ ಅಸಾಧ್ಯವಾದವರು ಜೀವಾವಧಿಯೂ ಅದನ್ನು ಸೇವಿಸಬೇಕಾಗುವುದುಂಟು.

ಮೃಗಗಳ ಕರುಳಿನ ಹುಳುವಿಗಾದರೆ ಪ್ರಾಜಿಕ್ವಾಂಟೆಲ್ ಎಂಬ ಔಷಧವು ಅಮೋಘ. ಅಲಾಸ್ಕಾಕ್ಕೆ ಸೇರಿದ ಸೇಂಟ್ ಲಾರೆನ್ಸ್ ದ್ವೀಪದ ಒಂದು ಹಳ್ಳಿಯಲ್ಲಿ ಹತ್ತು ವರ್ಷಗಳ ಕಾಲ ತಿಂಗಳಿಗೊಮ್ಮೆ ನಾಯಿಗಳಿಗೆ ಅದನ್ನು ಕೊಡಲಾಯಿತು. ಹಳ್ಳಿಯ ಸುತ್ತಣ ಇಲಿಗಳಲ್ಲಿ ೧೦೦ಕ್ಕೆ ೨೯ರಷ್ಟಿದ್ದ ಸೋಂಕು ೫ಕ್ಕೆ ಇಳಿಯಿತು. ಔಷಧ ಸೇರಿಸಿದ ಮಾಂಸದ ಉಂಡೆಗಳನ್ನು ನರಿಗಳು ಓಡಾಡುವ ಕಡೆ ಎಸೆಯುವ ಪ್ರಯೋಗಗಳು ಜರ್ಮನಿಯಲ್ಲಿಯೂ ಸ್ವಿಟ್ಜರ್ಲೆಂಡಿನಲ್ಲಿಯೂ ಹೊಕ್ಕೈಡೋವಿನಲ್ಲಿಯೂ ನಡೆದಿವೆ. ಎಸೆಯುತ್ತಿರುವವರೆಗೆ ಸೋಂಕು ಇಳಿಯುತ್ತದೆ. ನಿಲ್ಲಿಸಿದರೆ ಮತ್ತೆ ಏರುತ್ತದೆ. ಔಷಧವು ನರಿಯ ಕರುಳನ್ನು ಒಂದು ದಿನ ಶುದ್ಧಿಮಾಡಬಲ್ಲದು. ಮರುದಿನ ಅದು ಇಲಿಯನ್ನು ತಿನ್ನುವುದನ್ನು ತಪ್ಪಿಸಲಾರದು.

ಹೀಗಿರಲು, ಕಾಡಿನ ಚಕ್ರವುಳ್ಳ ಕಡೆ ಮನುಷ್ಯನಿಗೆ ನಿಲುಕುವುದು ಮೂರನೆಯ ಅಂಗವೇ. ಕಾಡುಮೃಗಗಳನ್ನು ಊರಿನ ಸಮೀಪಕ್ಕೆ ಸೆಳೆಯುವಂತೆ ಆಹಾರವನ್ನು ಚೆಲ್ಲದಿರುವುದು, ಸತ್ತ ನರಿ ತೋಳಗಳನ್ನು ಬರಿಗೈಯಿಂದ ಮುಟ್ಟದಿರುವುದು, ಇಲಿ ಹಿಡಿಯುವ ನಾಯಿಗೆ ತಿಂಗಳಿಗೊಮ್ಮೆ ಔಷಧ ಕೊಡುವುದು, ಬೇಟೆಯ ಅಥವಾ ಕಸಾಯಿಖಾನೆಯ ಕರುಳು ಯಕೃತ್ತುಗಳನ್ನು ನಾಯಿಗೆ ಹಾಕದಿರುವುದು, ಮಣ್ಣಿನಲ್ಲಿ ಕೆಲಸಮಾಡಿದ ಕೈಯನ್ನು ತೊಳೆಯದೆ ಉಣ್ಣದಿರುವುದು, ನೆಲಕ್ಕೆ ತಗುಲಿ ಬೆಳೆದ ಸೊಪ್ಪನ್ನು ತೊಳೆದು ಬೇಯಿಸುವುದು, ಇಷ್ಟೇ. ಇವೆಲ್ಲ ಸಣ್ಣ ಕೆಲಸಗಳು. ಆದರೆ ಏಕೆಂಬುದು ತಿಳಿಯದವನು ಇವುಗಳನ್ನು ನಾಲ್ಕು ದಿನ ಮಾಡಿ ಬಿಡುತ್ತಾನೆ. ಹದಿನೈದು ವರ್ಷಗಳ ಮೇಲೆ ಬರುವ ಫಲಕ್ಕೆ ಇಂದು ಕೈತೊಳೆಯಬೇಕಾದರೆ ಕಾರ್ಯಕಾರಣಸಂಬಂಧವು ಮನಸ್ಸಿನಲ್ಲಿ ದೃಢವಾಗಿರಬೇಕು.

೮. ಉಪಸಂಹಾರ

ಜ್ಞಾನವೇ ಔಷಧವಾದುದಕ್ಕೆ ಐಸ್‌ಲೆಂಡ್ ದ್ವೀಪವು ಸಾಕ್ಷಿ. ಅಲ್ಲಿದ್ದುದು ನಾಯಿಯ ಕೃಮಿ. ಕುರಿಸಾಕಣೆಯೇ ಮುಖ್ಯವೃತ್ತಿಯಾಗಿದ್ದ ಆ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗ ಮನೆಮಾತಾಗಿತ್ತು. ಮೇಲೆ ಹೇಳಿದ ಕ್ರಾಬೆಯು ೧೮೬೩ರಲ್ಲಿ ಡೆನ್ಮಾರ್ಕಿನಿಂದ ಅಲ್ಲಿಗೆ ಹೋಗಿ ೧೦೦ ನಾಯಿಗಳನ್ನು ಪರೀಕ್ಷಿಸಿದಾಗ ೨೮ರಲ್ಲಿ ಈ ಹುಳು ಇತ್ತು. ಮರುವರ್ಷ, ಕೋಶರೋಗವೂ ನಾಯಿಯ ಹುಳುವೂ ಒಂದೇ ಎಂಬುದನ್ನೂ ತಡೆಯುವ ಕ್ರಮವನ್ನೂ ವಿವರಿಸುವ ಆತನ ಚಿಕ್ಕ ಪುಸ್ತಕವನ್ನು ಐಸ್‌ಲೆಂಡಿನ ಭಾಷೆಯಲ್ಲಿ ಅಚ್ಚುಹಾಕಿಸಿ ಮನೆಮನೆಗೂ ಹಂಚಲಾಯಿತು. ರೋಗಕ್ಕೆ ಆ ಪುಸ್ತಕವು ಬಳಸಿದ ಹೆಸರು ಪಂಡಿತರ ಲ್ಯಾಟಿನ್ ಅಲ್ಲ. ‘ಸುಲ್ಲಾವೇಕಿ’, ಎಂದರೆ ಗುಳ್ಳೆಬೇನೆ, ಎಂಬ ಮನೆಯ ಮಾತು. ದೀರ್ಘವಾದ ಚಳಿಗಾಲದ ಇರುಳುಗಳಲ್ಲಿ ಓದುವ ಅಭ್ಯಾಸವುಳ್ಳ ಆ ಜನರು ಅದನ್ನು ಓದಿದರು. ಗುಳ್ಳೆಗಳನ್ನು ನಾಯಿಗೆ ಎಸೆಯದೆ ನಾಶಮಾಡುವುದು, ನಾಯಿಗಳಿಗೆ ಔಷಧ ಕೊಡುವುದು ಮೊದಲಾದ ನಿಯಮಗಳು ಕಾಲಕ್ರಮದಲ್ಲಿ ಕಾನೂನಾದುವು. ಇಪ್ಪತ್ತನೆಯ ಶತಮಾನದಲ್ಲಿ ರೋಗವು ಆ ದ್ವೀಪದಿಂದ ನಿರ್ಮೂಲವಾಯಿತು. ಈ ಕಾರ್ಯದ ಬಹುಭಾಗವು ಇಂದಿನ ಔಷಧಗಳಲ್ಲಿ ಯಾವುದೊಂದೂ ಹುಟ್ಟುವ ಮೊದಲೇ ನಡೆದುದೆಂಬುದು ಸ್ಮರಣೀಯ.

ಕರ್ಣಾಟಕವು ನರಿಯ ಕೃಮಿಯ ಕ್ಷೇತ್ರದೊಳಗೆ ಸೇರಿಲ್ಲ. ನಾಯಿಯ ಕೃಮಿಯಾದರೋ ಭಾರತದ ಇತರ ಪ್ರಾಂತಗಳಲ್ಲಿರುವಂತೆ ಇಲ್ಲಿಯೂ ಕುರಿ, ಮೇಕೆ, ದನ, ಎಮ್ಮೆಗಳಿಗೂ ನಾಯಿಗಳಿಗೂ ನಡುವೆ ಸಂಚರಿಸುತ್ತದೆ. ಜಲಕೋಶದ ರೋಗಿಗಳು ಇಲ್ಲಿನ ಆಸ್ಪತ್ರೆಗಳಿಗೆ ಬರುತ್ತಾರೆ. ಕುರಿಯನ್ನು ಕೊಯ್ದ ಸ್ಥಳದ ಸುತ್ತ ಬೀದಿನಾಯಿಗಳು ಕಾಯುವ ದೃಶ್ಯವು ನಮ್ಮ ಊರುಗಳಲ್ಲಿ ಇಂದಿಗೂ ಅಪರೂಪವಲ್ಲ.

ಲಾಡಿಹುಳುವೆಂಬ ಒಳ್ಳೆಯ ಹೆಸರು ಕನ್ನಡದಲ್ಲಿದೆ. ನೀರ್ಗುಳ್ಳೆ, ಜಲಕೋಶ ಎಂಬ ಮಾತುಗಳೂ ಇವೆ. ಇವು ನಿಘಂಟುಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಬೇರೆಬೇರೆ ಕಡೆಗಳಲ್ಲಿ ನಿಂತರೆ, ಹಿಂದಿನವರ ತೊಡಕು ಮುಂದಿನವರಿಗೂ ಉಳಿಯುತ್ತದೆ. ಜಲಕೋಶವೆಂಬ ಶಬ್ದದ ಕೆಳಗೆ ‘ನಾಯಿಯ ಲಾಡಿಹುಳುವಿನ ಮರಿರೂಪ’ ಎಂದೂ, ಲಾಡಿಹುಳುವಿನ ಕೆಳಗೆ ‘ಇದರ ಕೆಲವು ಜಾತಿಗಳು ಮನುಷ್ಯನಲ್ಲಿ ಜಲಕೋಶವಾಗುತ್ತವೆ’ ಎಂದೂ ಒಂದೊಂದು ಪಂಕ್ತಿಯನ್ನು ಕೋಶಕಾರರು ಸೇರಿಸುವುದೂ, ಆ ಪಂಕ್ತಿಯನ್ನು ಉಪಾಧ್ಯಾಯರು ಹಳ್ಳಿಯ ಶಾಲೆಯ ಮಕ್ಕಳಿಗೆ ಅವರ ಮನೆಯ ಮಾತಿನಲ್ಲಿ ಬಿಡಿಸಿ ಹೇಳುವುದೂ ಮಾಡತಕ್ಕ ಕಾರ್ಯ. ಆ ಮಕ್ಕಳಲ್ಲಿ ಕೆಲವರ ಮನೆಯಲ್ಲಿಯಾದರೂ ಕುರಿಯಿರುತ್ತದೆ, ನಾಯಿಯೂ ಇರುತ್ತದೆ.